ಸಾಫ್ಟ್ ರಿಲೀಸ್: ಸಾಕಿದ ಅಳಿಲನ್ನು ಬಿಡುವುದು ಅಂದರೆ ಏನು?

"ಸಾಫ್ಟ್ ರಿಲೀಸ್ ಮಾಡಿದ್ವಿ" ಅಂತ ಬರೆದುಕೊಂಡ ಇನ್ನೊಂದು ವಿಡಿಯೋ ಈ ವಾರ ಕಣ್ಣಿಗೆ ಬಿತ್ತು. ಗೂಡಿನಿಂದ ಬಿದ್ದಿದ್ದ ಮರಿಯನ್ನು ಸಿರಿಂಜಿನಲ್ಲಿ ಹಾಲು ಹಾಕಿ ಬೆಳೆಸಿದ್ದಾರೆ. ಬೆಳೆದ ಮೇಲೆ ಚಪ್ಪಲಿ ಡಬ್ಬದಲ್ಲಿಟ್ಟುಕೊಂಡು ಊರಿನ ಆ ಕಡೆಯ ದೊಡ್ಡ ಪಾರ್ಕಿಗೆ ಹೋಗಿ, ಮರದ ಬುಡದಲ್ಲಿ ಡಬ್ಬ ತೆರೆದಿದ್ದಾರೆ. ಅಳಿಲು ಸರಸರ ಮೇಲೆ ಹತ್ತಿತು, ಇವರು ಕೈ ಬೀಸಿ ಮನೆಗೆ ಬಂದರು. ಇವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಇದಕ್ಕೆ ಹಾರ್ಡ್ ರಿಲೀಸ್ ಅಂತಾರೆ. ಸಾಫ್ಟ್ ರಿಲೀಸ್‌ನ ನೇರ ವಿರುದ್ಧ ಪದ ಅದು.

ಇನ್ನೊಂದು ಬಳಕೆ ಇದಕ್ಕಿಂತ ಜಾಸ್ತಿ ಕಾಣಿಸುತ್ತಿದೆ, ನನಗೆ ಹೆಚ್ಚು ಸಂಕಟ ಆಗುವುದೂ ಅದರಿಂದಲೇ. ಅಳಿಲನ್ನು ಮನೆಯೊಳಗೆ ಓಡಾಡಲು ಬಿಟ್ಟುಕೊಳ್ಳುತ್ತಾರೆ. ಬಾಲ್ಕನಿ ಬಾಗಿಲು ತೆರೆದಿಡುತ್ತಾರೆ. "ಬೇಕಾದಾಗ ಹೋಗಲಿ, ಬೇಕಾದಾಗ ಬರಲಿ, ಸಾಫ್ಟ್ ರಿಲೀಸ್ ನಡೀತಿದೆ" ಅಂತಾರೆ. ಅಲ್ಲಿ ಯಾವ ರಿಲೀಸೂ ನಡೆಯುತ್ತಿಲ್ಲ.

ಸಾಫ್ಟ್ ರಿಲೀಸ್ ಅಂದರೆ, ಪ್ರಾಣಿ ಮುಂದೆ ಎಲ್ಲಿ ಬದುಕಬೇಕೋ ಅದೇ ಜಾಗದಲ್ಲಿ ಅದನ್ನು ಮೊದಲು ಒಂದು ಆವರಣದೊಳಗೆ ಇಟ್ಟು, ಅಲ್ಲಿನ ಸದ್ದು, ವಾಸನೆ, ಬಿಸಿಲು, ಗಾಳಿ ಅಭ್ಯಾಸವಾದ ಮೇಲೆ ಬಾಗಿಲು ತೆರೆದು, ತೆರೆದ ಮೇಲೂ ಊಟ ಮತ್ತು ಗೂಡು ಅಲ್ಲೇ ಸಿಗುವ ಹಾಗೆ ನೋಡಿಕೊಂಡು, ಅದೇ ಬರುವುದನ್ನು ನಿಲ್ಲಿಸುವ ತನಕ ಕಾಯುವುದು. ಜಾಗ, ಆವರಣ, ಊಟ. ಇವುಗಳಲ್ಲಿ ಒಂದಿಲ್ಲದಿದ್ದರೂ ಅದಕ್ಕೆ ಬೇರೆ ಹೆಸರು ಹುಡುಕಿಕೊಳ್ಳಬೇಕು.

ಹಾರ್ಡ್ ರಿಲೀಸ್ ಕೆಟ್ಟದ್ದೇನೂ ಅಲ್ಲ. ಕಿಟಕಿ ಗಾಜಿಗೆ ಬಡಿದು ಮಂಕಾಗಿದ್ದ ದೊಡ್ಡ ಅಳಿಲನ್ನು ಒಂದು ದಿನ ಕತ್ತಲ ಡಬ್ಬದಲ್ಲಿ ಇಟ್ಟುಕೊಂಡಿರಿ ಅನ್ನಿ. ಅದು ಸಿಕ್ಕ ಜಾಗದಲ್ಲೇ ಬಿಟ್ಟರೆ ಸಾಕು. ಅದಕ್ಕೆ ಆ ಮರ ಗೊತ್ತು, ಬೆಕ್ಕು ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತು. ಕೈಯಲ್ಲಿ ಬೆಳೆದ ಮರಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ತಾಯಿ ಕಲಿಸಬೇಕಾದದ್ದನ್ನು ಅದು ಪಂಜರದ ಒಳಗಿನಿಂದ ನೋಡಿ ಕಲಿಯಬೇಕು, ಅದಕ್ಕೇ ಈ ಪದ್ಧತಿ.

ಪದ್ಧತಿ ಹೊಸದೇನಲ್ಲ. ಯುರೋಪಿನಲ್ಲಿ ಡೇಗೆ ಅನ್ನುವ ಬೇಟೆ ಹಕ್ಕಿಯನ್ನು ಪಳಗಿಸುವವರು ಶತಮಾನಗಳಿಂದ ಇದನ್ನು ಮಾಡುತ್ತಿದ್ದರು, 'ಹ್ಯಾಕ್' ಅಂತ ಕರೆಯುತ್ತಿದ್ದರು. ಹ್ಯಾಕ್ ಅಂದರೆ ಮರಿಗಳಿಗೆ ಮಾಂಸ ಇಡುತ್ತಿದ್ದ ಹಲಗೆ. ಕಂಪ್ಯೂಟರಿನ ಹ್ಯಾಕಿಂಗಿಗೂ ಇದಕ್ಕೂ ಸಂಬಂಧ ಇಲ್ಲ. ಮರಿ ಡೇಗೆಗಳನ್ನು ಎತ್ತರದ ಜಾಗದಲ್ಲಿ ಇಟ್ಟು, ಹಾರಲು ಬಿಟ್ಟು, ದಿನವೂ ಹಲಗೆಯ ಮೇಲೆ ಮಾಂಸ ಇಡುತ್ತಿದ್ದರು. ಅವು ಹಾರಾಡಿ, ಹಸಿದಾಗ ಹಲಗೆಗೆ ಬರುತ್ತಿದ್ದವು. ಯಾವಾಗ ಬರುವುದು ನಿಲ್ಲಿಸುತ್ತವೋ ಆಗ ತಾವೇ ಬೇಟೆಯಾಡುತ್ತಿವೆ ಅಂತ ಲೆಕ್ಕ. ಡೇಗೆಗಾರರು ಆಗ ಅವನ್ನು ವಾಪಸ್ ಹಿಡಿದುಬಿಡುತ್ತಿದ್ದರು, ಆ ಮಾತು ಬೇರೆ. ಡಿಡಿಟಿ ಅನ್ನುವ ಕೀಟನಾಶಕದ ದೆಸೆಯಿಂದ ಅಮೆರಿಕದ ಪೂರ್ವ ಭಾಗದಲ್ಲಿ ಪೆರಿಗ್ರಿನ್ ಡೇಗೆ ಗೂಡು ಕಟ್ಟುವುದೇ ನಿಂತುಹೋಗಿತ್ತು. 1970ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಮತ್ತು ಸಂಗಡಿಗರು ಮರಿಗಳನ್ನು ಬೆಳೆಸಿ ಇದೇ ಹ್ಯಾಕ್ ಪದ್ಧತಿಯಲ್ಲಿ ಬಿಟ್ಟರು, ಈ ಸಲ ವಾಪಸ್ ಹಿಡಿಯಲಿಲ್ಲ. 1999ರಲ್ಲಿ ಆ ಹಕ್ಕಿ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು.

ನಮ್ಮ ಪತ್ರಿಕೆಗಳಲ್ಲಿ ಸಾಫ್ಟ್ ರಿಲೀಸ್ ಅನ್ನುವ ಪದ ಜೋರಾಗಿ ಕಾಣಿಸಿಕೊಂಡದ್ದು ಮಧ್ಯಪ್ರದೇಶದ ಕುನೋ ಕಾಡಿನ ಚೀತಾಗಳ ಜೊತೆ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಬಂದ ಎಂಟು ಚೀತಾಗಳನ್ನು ಮೊದಲು ಬೋಮಾ ಅನ್ನುವ ಚಿಕ್ಕ ಬೇಲಿಯೊಳಗೆ ಇಟ್ಟರು. ನವೆಂಬರಿನಲ್ಲಿ ದೊಡ್ಡ ಆವರಣಕ್ಕೆ ಬಿಡಲು ಶುರು ಮಾಡಿದರು. ಬೇಲಿಯಿಲ್ಲದ ಕಾಡಿಗೆ ಮೊದಲ ಎರಡು ಹೋದದ್ದು 2023ರ ಮಾರ್ಚಿನಲ್ಲಿ. ಅಷ್ಟು ತಿಂಗಳ ಆ ಇಡೀ ಕೆಲಸಕ್ಕೆ ಈ ಹೆಸರು, ಗೇಟು ತೆರೆದ ಕ್ಷಣಕ್ಕೆ ಮಾತ್ರ ಅಲ್ಲ.

'ಸಾಫ್ಟ್' ಅಂದ ತಕ್ಷಣ ಮುದ್ದು ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಇಲ್ಲಿ ಮೆತ್ತಗಿರಬೇಕಾದದ್ದು ಒಳಗಿನಿಂದ ಹೊರಗೆ ಹೋಗುವ ಬದಲಾವಣೆ. ಸಾಕಿದವರು ಈ ಹೊತ್ತಿನಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಮಾಡಲೇಬೇಕು. ಭುಜದ ಮೇಲೆ ಕೂರಿಸಿಕೊಳ್ಳುವುದು, ಜೇಬಿನಲ್ಲಿ ಮಲಗಿಸುವುದು, ಬಂದವರ ಕೈಗೆಲ್ಲ ಕೊಡುವುದು ನಿಲ್ಲಬೇಕು. ಮನುಷ್ಯರನ್ನು ಕಂಡರೆ ಓಡಿಹೋಗುವ ಅಳಿಲು ಬದುಕಿಕೊಳ್ಳುತ್ತದೆ. ಪಕ್ಕದ ಮನೆಯ ಹುಡುಗನ ಕಾಲು ಹತ್ತುವ ಅಳಿಲು ಜಾಸ್ತಿ ದಿನ ಬದುಕುವುದಿಲ್ಲ.

ಈಗ ಬಾಲ್ಕನಿ ಬಾಗಿಲಿನ ವಿಷಯ. ಮನೆಯೊಳಗೆ ಬಿಟ್ಟುಕೊಂಡರೆ ಏನಾಗುತ್ತೆ ಅಂತ ಕೇಳುವವರು ತಮ್ಮ ಮನೆಯನ್ನು ನೂರು ಗ್ರಾಂ ತೂಕದ ಪ್ರಾಣಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ಅದಕ್ಕೆ ಬೆಚ್ಚಗಿನ ಸಂದು ಬೇಕು. ಹಾಗಾಗಿ ಹಾಸಿಗೆಯ ರಗ್ಗಿನಡಿ, ಸೋಫಾದ ಕುಶನ್ ಕೆಳಗೆ, ಒಗೆಯಲು ಹಾಕಿದ ಬಟ್ಟೆಯ ರಾಶಿಯೊಳಗೆ ಮಲಗುತ್ತದೆ. ನಾವು ನೋಡದೆ ಕೂರುತ್ತೇವೆ, ಇಲ್ಲವೇ ಬಟ್ಟೆಯನ್ನು ಹಾಗೇ ಎತ್ತಿ ವಾಷಿಂಗ್ ಮಷೀನಿಗೆ ಹಾಕುತ್ತೇವೆ. ಬಾಗಿಲಿನ ತಿರುಗಣೆಯ ಸಂದಿನಲ್ಲಿ ಕೂತಿರುವಾಗ ಗಾಳಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಪರದೆ ಹತ್ತಿ ಅಲ್ಲಿಂದ ಹಾರಿದರೆ ಮೇಲೆ ಫ್ಯಾನು. ಕಚ್ಚಲು ಚಾರ್ಜರಿನ ವೈರು, ಕಾಲಿಡಲು ಆಗಷ್ಟೇ ಇಳಿಸಿದ ತವಾ.

ನೀರಂತೂ ಎಲ್ಲಕ್ಕಿಂತ ಮೋಸ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅರ್ಧ ನೀರಿದ್ದಾಗ ಅಳಿಲು ಬಿದ್ದರೆ ಅದು ಈಜುತ್ತದೆ, ಸ್ವಲ್ಪ ಹೊತ್ತು ಚೆನ್ನಾಗಿಯೇ ಈಜುತ್ತದೆ. ಮುಂಗಾಲು ಎತ್ತಿ ಗೋಡೆ ಕೆರೆಯುತ್ತದೆ, ಉಗುರು ಜಾರುತ್ತದೆ, ಒಂದು ಸುತ್ತು ಹೊಡೆದು ಮತ್ತೆ ಅದೇ ಜಾಗದಲ್ಲಿ ಕೆರೆಯುತ್ತದೆ. ಬಾಲ ನೆನೆದು ಭಾರವಾಗುತ್ತದೆ. ಒರಟು ಮರದ ತೊಗಟೆಗೆ ಹೇಳಿ ಮಾಡಿಸಿದ ಉಗುರಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಬಕೆಟ್, ಕಮೋಡ್, ಮುಚ್ಚಳ ಸರಿದ ಸಂಪ್, ಟೆರೇಸಿನ ಟ್ಯಾಂಕ್, ಎಲ್ಲಾ ಕಡೆ ಇದೇ ಕಥೆ. ಮುಚ್ಚಳ ಹಾಕಿ. ಮುಚ್ಚಳ ಇಲ್ಲದ ಕಡೆ ಒಂದು ಗೋಣಿಚೀಲವನ್ನು ಅಂಚಿನಿಂದ ನೀರಿನ ತಳದವರೆಗೆ ಇಳಿಬಿಡಿ, ಅದನ್ನು ಹಿಡಿದು ಹತ್ತಿ ಬರುತ್ತದೆ. ಸಾಕದಿರುವ ಅಳಿಲುಗಳಿಗೂ ಇದರಿಂದ ಜೀವ ಉಳಿಯುತ್ತದೆ.

"ನಮ್ಮ ಮನೇಲಿ ಎಲ್ಲಾ ಸೇಫ್ ಮಾಡಿದ್ದೀವಿ" ಅನ್ನುವವರಿಗೂ ನನ್ನ ಉತ್ತರ ಬದಲಾಗುವುದಿಲ್ಲ. ಮನೆಯೊಳಗೆ ಬೆಳೆದ ಅಳಿಲು ಕಲಿಯುವ ಪಾಠ ಒಂದೇ: ಕಿಟಕಿ ಅಂದರೆ ಊಟ, ಅಡುಗೆಮನೆ ವಾಸನೆ ಅಂದರೆ ಭದ್ರ ಜಾಗ. ಅದು ಹೊರಗೆ ಹೋದ ದಿನ ಆ ಪಾಠ ಮರೆಯುವುದಿಲ್ಲ. ಹಸಿದರೆ ಹತ್ತಿರದ ಕಿಟಕಿಗೆ ಹೋಗುತ್ತದೆ, ಅದು ನಿಮ್ಮ ಮನೆಯದೇ ಆಗಿರಬೇಕೆಂದಿಲ್ಲ. ಅಲ್ಲಿ ಇಲಿಗೆ ಇಟ್ಟ ಅಂಟಿನ ರಟ್ಟು ಇರಬಹುದು, ಇಲಿ ಪಾಷಾಣದ ಬಿಲ್ಲೆ ಇರಬಹುದು, ಬೆಕ್ಕು ಇರಬಹುದು. ನಿಮ್ಮ ಫ್ಯಾನ್ ಆಫ್ ಮಾಡಿದ್ದರಿಂದ ಆ ಮನೆಯ ಫ್ಯಾನ್ ನಿಲ್ಲುವುದಿಲ್ಲ, ಅಲ್ವಾ?

ಮೈಗೂ ಪಾಠ ತಪ್ಪುತ್ತದೆ. 1984ರಲ್ಲಿ ಮೃಗಾಲಯಗಳಲ್ಲಿ ಹುಟ್ಟಿದ ಗೋಲ್ಡನ್ ಲಯನ್ ಟ್ಯಾಮರಿನ್ ಅನ್ನುವ ಪುಟ್ಟ ಕೋತಿಗಳನ್ನು ಬ್ರೆಜಿಲ್ಲಿನ ಕಾಡಿಗೆ ಬಿಟ್ಟಾಗ ಬಹಳಷ್ಟು ಉಳಿಯಲಿಲ್ಲ. ಅಲುಗಾಡದ ಗಟ್ಟಿ ಕೋಲುಗಳ ಮೇಲೆ ಬೆಳೆದ ಅವಕ್ಕೆ ಬಾಗುವ ರೆಂಬೆಗಳ ಮೇಲೆ ಓಡಾಡಲು ಬರುತ್ತಿರಲಿಲ್ಲ. ಟೈಲ್ಸ್ ನೆಲ, ಸೋಫಾ, ಪರದೆ ಮೇಲೆ ಓಡಿ ಬೆಳೆದ ಅಳಿಲಿಗೂ ಅದೇ ಕೊರತೆ. ಅದಕ್ಕೇ ಪಂಜರದೊಳಗೆ ನುಣುಪಾದ ಕೋಲು ಸಿಕ್ಕಿಸಬೇಡಿ. ಎಲೆ ಸಮೇತ ಮಾವಿನದೋ ಸೀಬೆಯದೋ ರೆಂಬೆ ತಂದು, ಒಂದು ತುದಿಯನ್ನಷ್ಟೇ ಕಟ್ಟಿ, ಅಲುಗಾಡಲು ಬಿಡಿ. ಕೆಲವು ದಿನಕ್ಕೊಮ್ಮೆ ಬದಲಾಯಿಸಿ.

ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ನಾನು ಹೇಳುತ್ತಿರುವುದು ಬೆನ್ನ ಮೇಲೆ ಮೂರು ಗೆರೆಯ ನಮ್ಮ ಮಾಮೂಲಿ ಅಳಿಲಿನ ಬಗ್ಗೆ, ಕೆಲವು ಕಡೆ ಇಣಚಿ ಅಂತಾರಲ್ಲ ಅದು. ಮಲೆನಾಡಿನಲ್ಲಿ ಕೆಂದಳಿಲಿನ ಮರಿ ಸಿಕ್ಕರೆ ಸಾಕುವ ಯೋಚನೆಯನ್ನೇ ಮಾಡದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮಾಮೂಲಿ ಅಳಿಲಿನ ಮರಿ ಬಿದ್ದಿದ್ದರೂ, ಗಾಯ ಇಲ್ಲದಿದ್ದರೆ, ಮೊದಲು ಬೆಚ್ಚಗಿನ ಡಬ್ಬದಲ್ಲಿಟ್ಟು ಅದೇ ಮರಕ್ಕೆ ಕಟ್ಟಿ ಹಗಲು ಹೊತ್ತು ಕೆಲವು ಗಂಟೆ ದೂರದಿಂದ ಕಾಯಬೇಕು. ತಾಯಿ ಬಂದು ಬಾಯಲ್ಲಿ ಕಚ್ಚಿ ಒಯ್ಯುವುದು ಅಪರೂಪವಲ್ಲ. ಅವಳು ಬಾರದಿದ್ದರೆ ಮಾತ್ರ ಸಾಕುವ ಪ್ರಶ್ನೆ. ಬೆಂಗಳೂರಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ. ಒಬ್ಬಂಟಿ ಮರಿಗೆ ಅಂಥ ಕಡೆ ಜೊತೆ ಸಿಗುತ್ತದೆ, ಅದು ನಮ್ಮ ಮನೆಯಲ್ಲಿ ಸಿಗದ ದೊಡ್ಡ ವಸ್ತು.

ಬಿಡಲು ತಯಾರಿದೆಯೇ ಅಂತ ವಯಸ್ಸಿನಿಂದಷ್ಟೇ ಹೇಳಲಾಗದು. ಮೂರು ತಿಂಗಳ ಹತ್ತಿರ ಬಂದಿರಬೇಕು ನಿಜ. ಜೊತೆಗೆ ಹಾಲು ಪೂರ್ತಿ ಬಿಟ್ಟಿರಬೇಕು, ಸಿಪ್ಪೆ ಇರುವ ಕಡಲೆಕಾಯಿಯನ್ನು ತಾನೇ ಒಡೆಯಬೇಕು, ತೆಂಗಿನ ನಾರು ಕೊಟ್ಟರೆ ಗೂಡು ಹೆಣೆಯಬೇಕು, ಕಾಗೆ ಕೂಗಿದರೆ ಅಲುಗದೆ ಅಂಟಿಕೊಂಡು ಕೂರಬೇಕು. ಬಿಸ್ಕತ್ತು, ಅನ್ನ ತಿಂದು ಮೂಳೆ ಮೆತ್ತಗಾದ ಅಳಿಲು ಇದು ಯಾವುದನ್ನೂ ಮಾಡಲಾರದು. ಅದನ್ನು ವೈದ್ಯರಿಗೆ ತೋರಿಸಬೇಕು.

ಪಂಜರ ಆಳೆತ್ತರ ಇದ್ದರೆ ಒಳ್ಳೆಯದು, ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಮರಕ್ಕೆ ತಾಗಿದ ಟೆರೇಸಿನಲ್ಲೋ, ಮನೆಯ ಕಿಟಕಿಗಳಿಂದ ದೂರದ ಸಜ್ಜೆಯ ಮೇಲೋ ಇಡಿ. ಅರ್ಧ ಭಾಗಕ್ಕೆ ನೆರಳು, ಮಳೆಗೆ ಮರೆ, ಬೆಕ್ಕು ಹತ್ತಿ ಕೂರಲಾಗದ ಜಾಗ. ಎರಡು ವಾರ ಹೀಗಿರಲಿ. ಸುತ್ತಲಿನ ಅಳಿಲುಗಳು ಬಂದು ಜಾಲರಿ ಹಿಡಿದು ಬೈಯುತ್ತವೆ, ಒಳಗಿನದು ಉತ್ತರ ಕೊಡಲು ಕಲಿಯುತ್ತದೆ. ಆಮೇಲೆ ಮಳೆಯಿಲ್ಲದ ಒಂದು ಬೆಳಿಗ್ಗೆ, ಅಳಿಲು ನುಗ್ಗುವಷ್ಟೇ ಅಗಲದ ಕಿಂಡಿ ತೆರೆದು ದೂರ ಹೋಗಿ. ದೀಪಾವಳಿ ವಾರ ಬೇಡ, ಸಂಜೆಯಂತೂ ಬೇಡವೇ ಬೇಡ. ಅದು ಕಿಂಡಿಗೆ ಬರುತ್ತದೆ, ಮೂಗು ಹೊರಗೆ ಹಾಕುತ್ತದೆ, ಬಾಲ ಎರಡು ಸಲ ಕೊಡವುತ್ತದೆ, ಒಳಗೆ ಓಡುತ್ತದೆ. ಮೊದಲ ದಿನ ಇಷ್ಟೇ ಆಗಬಹುದು. ಕೈ ಹಾಕಿ ಹೊರಗೆ ತೆಗೆದರೆ ಎರಡು ವಾರದ ಕೆಲಸ ಹಾಳು.

ರಾತ್ರಿ ಗೂಡಿಗೆ ವಾಪಸ್ ಬಂದರೆ "ಫೇಲ್ ಆಯ್ತು, ನಮ್ಮನ್ನು ಬಿಟ್ಟಿರಲ್ಲ" ಅಂತ ಮತ್ತೆ ಮನೆಯೊಳಗೆ ಕರೆದುಕೊಳ್ಳುವವರಿದ್ದಾರೆ. ವಾಪಸ್ ಬರುವುದಕ್ಕೇ ಆ ಗೂಡು ಅಲ್ಲಿದೆ. ಕತ್ತಲಾದ ಮೇಲೆ ಕಿಂಡಿ ಮುಚ್ಚಿ, ಬೆಳಕಾದ ಮೇಲೆ ತೆರೆಯಿರಿ. ಊಟ ಪಂಜರದಲ್ಲಿ ಮಾತ್ರ ಇಡಿ, ಅಡುಗೆಮನೆ ಕಿಟಕಿಯಲ್ಲಿ ಒಂದು ಕಡಲೆಬೀಜವನ್ನೂ ಕೊಡಬೇಡಿ. ಕಿಂಡಿ ತೆರೆಯುವ ಮೊದಲೇ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಒಂದು ತಿಂಗಳು ಅಂಟಿನ ರಟ್ಟು, ಪಾಷಾಣ ಇಡಬೇಡಿ ಅಂತ ಕೇಳಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ. ರಾತ್ರಿ ಹೊರಗೇ ಉಳಿಯಲು ಶುರುವಾದ ಮೇಲೆ ಕಿಂಡಿ ಮುಚ್ಚಬೇಡಿ. ಇಟ್ಟ ಕಾಳು ಒಂದು ವಾರ ಹಾಗೇ ಉಳಿದರೆ ಪಂಜರ ತೆಗೆಯಬಹುದು. ಗೂಡಿನ ಪೆಟ್ಟಿಗೆಯನ್ನು ಮಾತ್ರ ಮರಕ್ಕೆ ಕಟ್ಟಿ, ಒಂದು ಮಳೆಗಾಲ ಕಳೆಯುವ ತನಕ ಅಲ್ಲೇ ಇರಲಿ.