ವಕ: ಅದು ಕಟಮರಾನ್ ಅಲ್ಲ

ಪೆಸಿಫಿಕ್ ದ್ವೀಪದವರ ಹಳೆಯ ಕಡಲಯಾನದ ಬಗ್ಗೆ ಕನ್ನಡದಲ್ಲಿ ಏನೇ ಬಂದರೂ ಅವರ ಜೋಡಿ ಒಡಲಿನ ದೋಣಿಗೆ ‘ಪಾಲಿನೇಷ್ಯನ್ನರ ಕಟಮರಾನ್’ ಎಂಬ ಮಾತು ನುಸುಳಿಬಿಡುತ್ತದೆ. ಮೊನ್ನೆ ಓದಿದ ಬರಹದಲ್ಲಂತೂ ಅದು ಪಾಲಿನೇಷ್ಯನ್ ಪದವೇ ಆಗಿಹೋಗಿತ್ತು. ಬೇರೆಯವರಿಗೆ ಗೊತ್ತಾಗದಿದ್ದರೆ ಸರಿ, ‘ಕಟ್ಟು’, ‘ಮರ’ ಎರಡನ್ನೂ ದಿನವಿಡೀ ಆಡುವ ನಮ್ಮ ಕಿವಿಗೂ ಕೇಳಿಸಬೇಡವೇ?

ಅದು ತಮಿಳಿನ ಕಟ್ಟುಮರಂ. ಚೆನ್ನೈ ಕಡೆಯ ಮೀನುಗಾರರು ಕಡಲಿಂದ ಬಂದಮೇಲೆ ಹಗ್ಗ ಬಿಚ್ಚಿ, ನೀರು ಕುಡಿದ ದಿಮ್ಮಿಗಳನ್ನು ಬಿಡಿಬಿಡಿಯಾಗಿ ಮರಳ ಮೇಲೆ ಒಣಹಾಕುತ್ತಿದ್ದರು. ಅದಕ್ಕೆ ಟೊಳ್ಳು ಒಡಲಿಲ್ಲ. ಮೇಲೇರಿದ ಅಲೆ ದಿಮ್ಮಿಗಳ ಸಂದಿಯಲ್ಲೇ ಇಳಿದುಹೋಗುತ್ತದೆ. ಕನ್ನಡದಲ್ಲಿ ಹೇಳಬೇಕೆಂದರೆ ತೆಪ್ಪ. 17ನೇ ಶತಮಾನದಲ್ಲಿ ಕೋರಮಂಡಲ ತೀರಕ್ಕೆ ಬಂದ ಇಂಗ್ಲಿಷರು ಈ ಪದವನ್ನು ಹೊತ್ತೊಯ್ದರು. ಮುಂದೆ ಅದು ಎರಡು ಒಡಲಿನ ಹಾಯಿದೋಣಿಗೆ ಅಂಟಿಕೊಂಡಿತು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಕಟ್ಟಿದ ‘ಅಮರಿಲಿಸ್’ ಅಂಥದ್ದು. ಅಲ್ಲಿಂದ ಹಿಂದಕ್ಕೆ ಹಾರಿ ಪಾಲಿನೇಷ್ಯಕ್ಕೂ ಅದೇ ಹೆಸರಿಟ್ಟರೆ ದೋಣಿಯನ್ನು ತೆಪ್ಪವೆಂದು ಕರೆದಂತೆ.

ದೋಣಿಗೆ ಪಾಲಿನೇಷ್ಯನ್ನರ ಪದ ವಕ. ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೊರಿ ನುಡಿಯಲ್ಲಿ ಹಾಗೇ ಉಳಿದಿದೆ. ಹವಾಯಿ, ತಾಹಿತಿಗಳಲ್ಲಿ ಕಕಾರ ಗಂಟಲಲ್ಲೇ ನಿಂತು ‘ವಅ’ ಆಯಿತು. ನಮ್ಮ ಹಳಗನ್ನಡದ ‘ಪಾಲು’ ಇಂದು ‘ಹಾಲು’ ಆದಂತೆ, ಇದೂ ನಿಯಮಬದ್ಧ ಬದಲಾವಣೆ. ಜೋಡಿ ಒಡಲಿನದು ಹವಾಯಿಯಲ್ಲಿ ‘ವಅ ಕೌಲುವಾ’, ಮಾವೊರಿಯಲ್ಲಿ ‘ವಕ ಹೌರುವಾ’. ಲುವಾ, ರುವಾ ಎರಡೂ ‘ಎರಡು’. ಇಲ್ಲೂ ಕಟ್ಟುವುದುಂಟು, ಆದರೆ ಕಟ್ಟುವುದು ದಿಮ್ಮಿಗಳನ್ನಲ್ಲ. ನೀರು ಒಳನುಗ್ಗದ ಎರಡು ಒಡಲುಗಳಿಗೆ ಅಡ್ಡತೊಲೆ ಹಾಕಿ, ತೆಂಗಿನ ನಾರಿನ ಹುರಿಯಿಂದ ಬಿಗಿಯುತ್ತಿದ್ದರು. ಮೊಳೆ ಹೊಡೆದ ಜೋಡಣೆ ಅಲೆಗೆ ಸೀಳಬಹುದು, ಹುರಿಯ ಕಟ್ಟು ತುಸು ಬಾಗಿ ತಡೆದುಕೊಳ್ಳುತ್ತದೆ.

1975ರಲ್ಲಿ ನೀರಿಗಿಳಿದ ಹವಾಯಿಯ ಜೋಡಿ ಒಡಲಿನ ದೋಣಿ ‘ಹೊಕುಲೆಅ’ದ ಒಡಲು ಫೈಬರ್‌ಗ್ಲಾಸ್ ಹೊದಿಸಿದ್ದಾದರೂ ಜೋಡಣೆ ಹಗ್ಗದ್ದೇ. ಮರುವರ್ಷ ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮಾವು ಪಿಯೈಲುಗ್ ಅದನ್ನು ದಿಕ್ಸೂಚಿಯಿಲ್ಲದೆ, ನಕ್ಷತ್ರ ಹುಟ್ಟುವ ಮುಳುಗುವ ಜಾಗ ಮತ್ತು ಅಲೆಗಳ ಏರಿಳಿತ ನೋಡಿ ಹವಾಯಿಯಿಂದ ತಾಹಿತಿಗೆ ಮುಟ್ಟಿಸಿದರು. ಇದನ್ನು ‘ಕಟಮರಾನ್ ಯಾನ’ ಎಂದು ಬರೆಯುವವರಿಗೆ ಇನ್ನೊಂದು ಮಾತು. ಮಾವೊರಿಗಳಲ್ಲಿ ವಕ ಬರೀ ದೋಣಿಯಲ್ಲ, ಅದರಲ್ಲಿ ಬಂದಿಳಿದ ಪೂರ್ವಜರ ಕುಲವೂ ಹೌದು. ಸಭೆಯಲ್ಲಿ ಪರಿಚಯ ಹೇಳಿಕೊಳ್ಳುವಾಗ ತನ್ನ ಬೆಟ್ಟ, ತನ್ನ ನದಿಯ ಜೊತೆಗೆ ‘ನನ್ನ ವಕ ತೈನುಯಿ’ ಎಂದೂ ಹೇಳುತ್ತಾರೆ.