ಬಿಸಿಲಲ್ಲಿ ಅಡುಗೆ: ಶಾಖ ಸೋರದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗೀತು

ಬಯಲಲ್ಲಿ ಸೋಲಾರ್ ಓವನ್ (ಹೊಳೆಯುವ ಹಾಳೆಗಳಿಂದ ಬಿಸಿಲನ್ನು ಗಾಜಿನೊಳಗಿನ ಪಾತ್ರೆಯ ಮೇಲೆ ಕೂಡಿಸಿ ಬೇಯಿಸುವ ಸಾಧನ) ಬಿಚ್ಚಿಟ್ಟು ಕೂತರೆ ನೋಡಿದವರು ಕೇಳುವುದು ಒಂದೇ ಮಾತು: "ಇಷ್ಟು ಬಿಸಿಲಿಗೆ ಬೇಯುತ್ತಾ?" ಬೇಯುತ್ತದೆ. ಆದರೆ ಒಳಗೆ ಬಂದ ಶಾಖ ಎಷ್ಟು ಹೊತ್ತು ಒಳಗೇ ನಿಲ್ಲುತ್ತದೆ ಅಂತ ಯಾರೂ ಕೇಳುವುದಿಲ್ಲ. ಅಡುಗೆ ಆಗುವುದೂ ಕೆಡುವುದೂ ಅಲ್ಲೇ.

ಸುಮ್ನೆ ಒಂದು ಲೆಕ್ಕ ಹಾಕೋಣ. ಮೋಡವಿಲ್ಲದ ಮಧ್ಯಾಹ್ನ ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಮಡಚಿ ಹೆಗಲಿಗೆ ಹಾಕಿಕೊಳ್ಳಬಹುದಾದ ಓವನ್ ಹಿಡಿಯುವುದು ಅದರ ಅರ್ಧ ಅಂದುಕೊಳ್ಳಿ, 500 ವ್ಯಾಟ್. ಅದರಲ್ಲಿ ಹೊಳೆಯುವ ಹಾಳೆ ಒಂದಿಷ್ಟು ನುಂಗುತ್ತದೆ, ಗಾಜು ಒಂದಿಷ್ಟು ವಾಪಸ್ ಎಸೆಯುತ್ತದೆ, ಇನ್ನೊಂದಿಷ್ಟು ಪಾತ್ರೆಗೆ ತಾಗದೆ ಪಕ್ಕಕ್ಕೆ ಹೋಗುತ್ತದೆ. ಕೊನೆಗೆ ಪಾತ್ರೆಗೆ 200-250 ವ್ಯಾಟ್ ಸಿಕ್ಕರೆ ಪುಣ್ಯ. ಗ್ಯಾಸ್ ಒಲೆಯ ಒಂದು ಬರ್ನರ್ ಇದರ ಸುಮಾರು ಹತ್ತು ಪಟ್ಟು ಉರಿಯುತ್ತದೆ.

ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ತರಲು 314 ಕಿಲೋಜೂಲ್ ಬೇಕು. 200 ವ್ಯಾಟ್‌ಗೆ ಅದು 26 ನಿಮಿಷದ ಕೆಲಸ. ಕಾಗದದ ಮೇಲೆ! ಓವನ್‌ನಲ್ಲಿ ಒಂದು ಗಂಟೆಯಾದರೂ ಆಶ್ಚರ್ಯವಿಲ್ಲ, ಯಾಕೆಂದರೆ ಪಾತ್ರೆ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ತೂತು ಬಿಂದಿಗೆಗೆ ನೀರು ಹಿಡಿದ ಹಾಗೆ ಇದು: ಮಟ್ಟ ಏರಿದಂತೆ ತೂತಿನಿಂದ ಚಿಮ್ಮುವುದೂ ಜೋರಾಗುತ್ತದೆ, ಬರುವುದೂ ಹೋಗುವುದೂ ಸಮವಾದ ಕಡೆ ಮಟ್ಟ ನಿಂತುಬಿಡುತ್ತದೆ. ಅದೇ ಬಿಸಿಲಿನಲ್ಲಿ ಒಂದು ಓವನ್ 80 ಡಿಗ್ರಿಗೆ ಸುಸ್ತಾಗಿ, ಪಕ್ಕದ್ದು 130ಕ್ಕೆ ಹೋಗುವುದು ಇದಕ್ಕೇ.

ಇದನ್ನು ಮೊದಲು ಅಳೆದು ನೋಡಿದವರಲ್ಲಿ ಒಬ್ಬ ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೋಸೂರ್. 1767ರಲ್ಲಿ ಅವನು ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಕೂರಿಸಿ ಬಿಸಿಲಿಗಿಟ್ಟ. ಒಳಗಿಟ್ಟ ಹಣ್ಣು ಬೆಂದೇಹೋಯಿತು. ಆಮೇಲೆ ಮರದ ಪೆಟ್ಟಿಗೆಗೆ ಒಳಗಿನಿಂದ ಕಪ್ಪು ಬಿರಟೆ (ಕಾರ್ಕ್) ಹೊದಿಸಿ, ಮೇಲೆ ಮೂರು ಪದರ ಗಾಜು ಹಾಕಿದಾಗ ಒಳಗಿನ ಬಿಸಿ 109 ಡಿಗ್ರಿ ಹತ್ತಿರ ಮುಟ್ಟಿತು. ನನಗೆ ಅದಕ್ಕಿಂತ ಇಷ್ಟವಾಗುವುದು ಅವನ ಮುಂದಿನ ಕೆಲಸ. ಪೆಟ್ಟಿಗೆಯನ್ನು ಆಲ್ಪ್ಸ್ ಬೆಟ್ಟದ ಮೇಲಕ್ಕೆ ಹೊತ್ತೊಯ್ದ. ಅಲ್ಲಿ ಗಾಳಿ ಕೊರೆಯುವಷ್ಟು ತಣ್ಣಗಿತ್ತು, ಆದರೂ ಪೆಟ್ಟಿಗೆಯೊಳಗಿನ ಬಿಸಿ ಹೆಚ್ಚುಕಮ್ಮಿ ಕೆಳಗಿನ ಬಯಲಲ್ಲಿ ಇದ್ದಷ್ಟೇ ಇತ್ತು. ಅಂದರೆ ಸೆಖೆ ಬೇರೆ, ಬಿಸಿಲು ಬೇರೆ. ಬೆವರು ಸುರಿಸುವ ಮಬ್ಬು ದಿನಕ್ಕಿಂತ ಚಳಿಯ ಶುಭ್ರ ಆಕಾಶದ ದಿನ ಅಡುಗೆಗೆ ಎಷ್ಟೋ ವಾಸಿ.

1830ರ ದಶಕದಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ದಕ್ಷಿಣದ ನಕ್ಷತ್ರಗಳನ್ನು ನೋಡಲು ಆಫ್ರಿಕಾದ ಗುಡ್ ಹೋಪ್ ಭೂಶಿರಕ್ಕೆ ಹೋಗಿದ್ದಾಗ ಇಂಥದ್ದೇ ಪೆಟ್ಟಿಗೆಯಲ್ಲಿ ಮೊಟ್ಟೆ, ಮಾಂಸ, ತರಕಾರಿ ಬೇಯಿಸಿದ. ಪೆಟ್ಟಿಗೆಯ ಸುತ್ತ ಮರಳು ಒಟ್ಟಿದ್ದ. ಒಣ ಮರಳು ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ದುಡ್ಡು ಕೊಡಬೇಕಾಗಿಯೂ ಇಲ್ಲ!

ಹಾಗಾದರೆ ಗಾಜು ಮಾಡುವುದೇನು? ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ, ಬಿಸಿಯಾದ ಪಾತ್ರೆಯಿಂದ ಹೊರಡುವ, ಕಣ್ಣಿಗೆ ಕಾಣದ ಶಾಖದ ಕಿರಣ (ಅವಕೆಂಪು) ಗಾಜನ್ನು ದಾಟಲಾರದು, ಅದಕ್ಕೇ ಬಿಸಿ ಸಿಕ್ಕಿಬೀಳುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಅದು ಅರ್ಧ ಕಥೆ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಒಂದು ರಟ್ಟಿನ ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ, ಗಾಜಿನಲ್ಲಿ ಸೋಸಿದ ಬಿಸಿಲಿಗಿಟ್ಟ. ಎರಡೂ 55 ಡಿಗ್ರಿ ಹತ್ತಿರ ಬಂದವು, ವ್ಯತ್ಯಾಸ ಹೆಚ್ಚೆಂದರೆ ಒಂದು ಡಿಗ್ರಿ. ಬಿಸಿಗಾಳಿಯನ್ನು ಮೇಲೆದ್ದು ಹೋಗಲು ಬಿಡದೆ ತಡೆಯುವುದೇ ಮುಚ್ಚಳದ ದೊಡ್ಡ ಕೆಲಸ. ನೂರು ಡಿಗ್ರಿ ದಾಟುವ ಓವನ್‌ಗಳಲ್ಲಿ ಕಿರಣದ ಸೋರಿಕೆಯೂ ಜೋರಾಗುತ್ತದೆ, ಆಗ ಗಾಜಿನ ಆ ಇನ್ನೊಂದು ಗುಣಕ್ಕೂ ಬೆಲೆ ಬರುತ್ತದೆ. ಆದರೆ ಹೊರಗೆ ಅಡುಗೆಗೆ ಕೂತವರು ಮೊದಲು ನೋಡಬೇಕಾದ್ದು ಗಾಳಿ. ಚೌಕಟ್ಟಿನಲ್ಲಿ ಬೆರಳಗಲ ಸಂದಿ ಇದ್ದರೆ, ಓವನ್ ಬೀಸುಗಾಳಿಗೆ ಎದುರಾಗಿದ್ದರೆ, ಎಷ್ಟು ಕನ್ನಡಿ ಹಚ್ಚಿದರೂ ಪ್ರಯೋಜನ ಕಮ್ಮಿ.

ಇನ್ನೊಂದು ಸೋರಿಕೆ ಪಾತ್ರೆಯೊಳಗೇ ಇದೆ, ಆವಿ. 100 ಗ್ರಾಂ ನೀರು ಆವಿಯಾಗಿ ಹೋದರೆ 226 ಕಿಲೋಜೂಲ್ ಜೊತೆಗೆ ಹೋಯಿತು. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಒಂದು ಲೀಟರ್ ಕುದಿಸಲು ಬೇಕಾದ ಶಾಖದಲ್ಲಿ ಮುಕ್ಕಾಲು ಪಾಲು! ಪಾತ್ರೆಯ ಮುಚ್ಚಳ ಸಡಿಲವಾಗಿದ್ದರೆ ಏನಾಗುತ್ತದೆ ಅಂತ ಕಣ್ಣಾರೆ ಕಾಣಬಹುದು. ಮೊದಲು ಗಾಜಿನ ಒಳಮೈ ತೆಳ್ಳಗೆ ಮಬ್ಬಾಗುತ್ತದೆ, ಆಮೇಲೆ ಸಾಸಿವೆಯಷ್ಟು ಹನಿಗಳು ಕೂಡಿ ಗೆರೆಗೆರೆಯಾಗಿ ಇಳಿಯುತ್ತವೆ, ಬರುವ ಬಿಸಿಲೂ ಅಲ್ಲೇ ಚದುರಿಹೋಗುತ್ತದೆ. ಒಂದೇ ತಪ್ಪಿಗೆ ಎರಡು ನಷ್ಟ. ಮುಚ್ಚಳ ಬಿಗಿಯಾಗಿದ್ದರೆ ನೀರೂ ಕಮ್ಮಿ ಸಾಕು, ತರಕಾರಿಗೆ ಎಷ್ಟೋ ಸಲ ಅದರದೇ ನೀರು ಸಾಲುತ್ತದೆ. "ಬೆಂತಾ ನೋಡೋಣ" ಅಂತ ಪದೇ ಪದೇ ತೆಗೆಯುವ ಚಟ ಇದ್ದವರಿಗೆ ಸೋಲಾರ್ ಅಡುಗೆ ಹೇಳಿದ್ದಲ್ಲ. ಒಂದು ಸಲ ತೆಗೆದರೆ ಹತ್ತು ಹದಿನೈದು ನಿಮಿಷ ಹಿಂದಕ್ಕೆ ಹೋದ ಹಾಗೆ.

ಪಾತ್ರೆ ತೆಳ್ಳಗಿರಲಿ, ಹೊರಗೆ ಹೊಳಪಿಲ್ಲದ ಕಪ್ಪು ಬಣ್ಣ ಇರಲಿ. ಫಳಫಳ ಹೊಳೆಯುವ ಸ್ಟೀಲ್ ಪಾತ್ರೆ ಚೆಂದ ಕಾಣುತ್ತದೆ, ಆದರೆ ಕಷ್ಟಪಟ್ಟು ಕೂಡಿಸಿದ ಬಿಸಿಲನ್ನೇ ಆಕಾಶಕ್ಕೆ ವಾಪಸ್ ಕಳಿಸುತ್ತದೆ.

ಅಡುಗೆಗೆ ಕುದಿತ ಬೇಕೇ ಬೇಕು ಅಂತ ನಾವು ಸುಮ್ನೆ ನಂಬಿದ್ದೇವೆ. ಮೊಟ್ಟೆಯ ಬಿಳಿ ಗಟ್ಟಿಯಾಗುವುದು ಅರವತ್ತರಿಂದ ಎಂಬತ್ತು ಡಿಗ್ರಿಯೊಳಗೆ. ಅಕ್ಕಿ, ಆಲೂಗಡ್ಡೆಯ ಪಿಷ್ಟ ನೀರು ಹೀರಿ ಉಬ್ಬುವುದೂ ಹೆಚ್ಚುಕಮ್ಮಿ ಅದೇ ಬಿಸಿಯಲ್ಲಿ. ಹಾಗಾಗಿ 85-90 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕೂತರೆ ಬಹುತೇಕ ಎಲ್ಲವೂ ಬೇಯುತ್ತದೆ, ತಳ ಹಿಡಿಯುವ ಭಯವೂ ಇಲ್ಲ, ಸೌಟು ಆಡಿಸುವ ಕೆಲಸವೂ ಇಲ್ಲ. ಸಿಗದಿರುವುದು ಹುರಿದ ಘಮ. ಅದು 140 ಡಿಗ್ರಿ ಆಸುಪಾಸಿನಲ್ಲಿ ಶುರುವಾಗುವ ಸಂಗತಿ, ಬರಿ ಹೊಳೆಯುವ ಹಾಳೆಯ, ಮಡಚುವ ಓವನ್‌ನಲ್ಲಿ ಅದನ್ನು ಕೇಳಬೇಡಿ.

ಆದರೆ ಒಂದು ಕಡೆ ಈ ನಿಧಾನ ಅಪಾಯಕ್ಕೆ ತಿರುಗುತ್ತದೆ, ಅದು ರಾಜ್ಮಾ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶವಿದೆ. 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಪೂರ್ತಿ ಹೋಗುವುದಿಲ್ಲ, ಕಾಳು ಮೆತ್ತಗಾಗಿ ಬೆಂದ ಹಾಗೆ ಕಂಡರೂ ತಿಂದವರಿಗೆ ವಾಂತಿ, ಭೇದಿ ಆಗಬಹುದು. ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಮಾಮೂಲಿ ಒಲೆಯ ಮೇಲೆ ಕೊತಕೊತ ಕುದಿಸಿ ಆಮೇಲೆ ಬಿಸಿಲಿಗಿಡಿ. ಇನ್ನು ಯಾವ ಅಡುಗೆಯೇ ಇರಲಿ, ಅರೆಬೆಂದಿರುವಾಗ ಮೋಡ ಕವಿದು 60 ಡಿಗ್ರಿಗಿಂತ ಕೆಳಗೆ ಇಳಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸಂಜೆವರೆಗೆ ಸೂರ್ಯನ ದಾರಿ ಕಾಯದೆ ಬೇರೆ ಒಲೆಗೆ ಏರಿಸಿ.

ಯಾವಾಗ ಶುರು ಮಾಡಬೇಕು ಅಂತ ತಿಳಿಯಲು ಉಪಕರಣವೇನೂ ಬೇಡ. ನೆಟ್ಟಗೆ ನಿಂತು ನಿಮ್ಮ ನೆರಳು ನೋಡಿ. ಅದು ನಿಮಗಿಂತ ಗಿಡ್ಡ ಇದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಅಡುಗೆಗೆ ಒಳ್ಳೆಯ ಹೊತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಓವನ್ನನ್ನೂ ತಿರುಗಿಸುತ್ತಿರಬೇಕು. ಪೆಟ್ಟಿಗೆಯ ಥರದ್ದಾದರೆ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಸಾಕು, ಸೂರ್ಯ ಈಗಿರುವ ಜಾಗಕ್ಕಿಂತ ಸ್ವಲ್ಪ ಮುಂದಕ್ಕೆ, ಅವನು ಬರಲಿರುವ ಕಡೆಗೆ ಮುಖ ಮಾಡಿ ಇಟ್ಟರೆ ಇನ್ನೂ ನಿಶ್ಚಿಂತೆ.

ಸೋರಿಕೆಯನ್ನು ಬಹುಮಟ್ಟಿಗೆ ಮಟ್ಟ ಹಾಕಿದ್ದು ನಿರ್ವಾತ ಕೊಳವೆಯ ಓವನ್. ಎರಡು ಗಾಜಿನ ಗೋಡೆಗಳ ನಡುವೆ ಗಾಳಿಯೇ ಇಲ್ಲ, ಹಾಗಾಗಿ ಒಳಗೆ 200 ಡಿಗ್ರಿ ದಾಟಿದರೂ ಹೊರಗಿನ ಗಾಜು ಮುಟ್ಟುವ ಹಾಗಿರುತ್ತದೆ. ಗಾಳಿ, ಚಳಿ ಯಾವುದಕ್ಕೂ ಅದು ಜಗ್ಗದು, ಅಡುಗೆಯ ಮೇಲ್ಮೈ ಹುರಿದ ಹಾಗೆ ಕೆಂಪಗೂ ಆಗುತ್ತದೆ. ತೊಂದರೆ ಏನೆಂದರೆ ಸಾಮಾನ್ಯವಾಗಿ ಕೊಳವೆ ಸಣ್ಣದು, ಹೆಚ್ಚು ಜನರ ಊಟ ಅದರಲ್ಲಿ ಹಿಡಿಸುವುದಿಲ್ಲ.

ಬೋಗುಣಿ ಆಕಾರದ ದೊಡ್ಡ ಕನ್ನಡಿಯದು ಇನ್ನೊಂದು ದಾರಿ, ಸೋರಿದರೆ ಸೋರಲಿ, ಇನ್ನಷ್ಟು ಸುರಿ ಅನ್ನುವ ಥರ. ಒಂದೂವರೆ ಮೀಟರ್ ಅಗಲದ್ದಾದರೆ ಒಂದು ಲೀಟರ್ ನೀರು ಹತ್ತು ಹನ್ನೆರಡು ನಿಮಿಷದಲ್ಲಿ ಕುದಿಯುತ್ತದೆ. ಆದರೆ ತೆಳು ಮೋಡ ಬಂದರೂ ಅದು ಮಂಕು, ಚದುರಿದ ಬೆಳಕನ್ನು ಒಂದೆಡೆ ಕೂಡಿಸಲು ಅದಕ್ಕೆ ಬರುವುದಿಲ್ಲ. ಹತ್ತಿರ ಕೆಲಸ ಮಾಡುವಾಗ ಕಪ್ಪು ಕನ್ನಡಕ ಬೇಕೇ ಬೇಕು. ಅಡುಗೆ ಇಳಿಸಿದ ಕೂಡಲೇ ಅದನ್ನು ಬೋರಲು ಹಾಕಿ ಬಟ್ಟೆ ಮುಚ್ಚಿಬಿಡಿ. ಊಟಕ್ಕೆ ಕೂತಿರುವಷ್ಟರಲ್ಲಿ ಸೂರ್ಯ ಸರಿದು, ಆ ಬೆಳಕಿನ ಚುಕ್ಕೆ ಪಕ್ಕದ ಒಣಹುಲ್ಲಿನ ಮೇಲೋ ಯಾರದೋ ಬ್ಯಾಗಿನ ಮೇಲೋ ಹೋಗಿ ಕೂತಿರುತ್ತದೆ.