ವಸಡಿನ ಕಾಯಿಲೆ: ಕೀಳೋದ್ರಿಂದ ಅಳೆಯೋವರೆಗೆ

ಚಿಕ್ಕಮಗಳೂರಲ್ಲಿ ಡೆಂಟಲ್ ಕ್ಲಿನಿಕ್‌ನಲ್ಲಿ ಸ್ವಲ್ಪ ಹೊತ್ತು ಕೂತ್ರೆ ಈ ಮಾತು ಕಿವಿಗೆ ಬಿದ್ದೇ ಬೀಳತ್ತೆ, "ಕ್ಲೀನಿಂಗ್ ಬೇಡ ಡಾಕ್ಟ್ರೇ, ಮಾಡಿಸಿದ್ರೆ ಇರೋ ಹಲ್ಲೂ ಅಲ್ಲಾಡತ್ತಂತೆ, ಅಲ್ಲಾಡ್ತಿರೋದನ್ನ ಕಿತ್ತಾಕಿ ಸಾಕು." ತೋಟದ ಲೈನ್ ಮನೆಯವ್ರೂ ಇದನ್ನೇ ಹೇಳ್ತಾರೆ, ರಿಟೈರ್ಡ್ ಮೇಷ್ಟ್ರೂ ಇದನ್ನೇ ಹೇಳ್ತಾರೆ. ಅವ್ರನ್ನ ನೋಡಿ ನಗೋ ಹಾಗಿಲ್ಲ, ಡಾಕ್ಟ್ರುಗಳೇ ಬಹಳ ಕಾಲ ಕೀಳೋ ಪಕ್ಷದಲ್ಲೇ ಇದ್ರು.

1870ರ ದಶಕದಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಜಾನ್ ರಿಗ್ಸ್ ಅನ್ನೋ ದಂತವೈದ್ಯ, ಕೀಳ್ಬೇಡಿ, ಬೇರಿಗೆ ಅಂಟಿರೋ ಗಟ್ಟಿ ಪಾಚಿ ಕೆರೆದು ತೆಗೀರಿ, ವಸಡು ವಾಸಿಯಾಗತ್ತೆ ಅಂದ. ಕಾಯಿಲೆಗೆ ರಿಗ್ಸ್ ಡಿಸೀಸ್ ಅಂತ ಅವನ ಹೆಸರೇ ಬಿತ್ತು. ಆದ್ರೆ 1910ರಲ್ಲಿ ಲಂಡನ್ನಿನ ಡಾಕ್ಟ್ರು ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ, ಮೈಯಲ್ಲಿರೋ ಎಷ್ಟೋ ಕಾಯಿಲೆಗೆ ಬಾಯಿನ ಸೋಂಕೇ ಮೂಲ ಅಂತ ಭಾಷಣ ಮಾಡಿದ್ದೇ ತಡ, ಅದಾದ್ಮೇಲೆ ವರ್ಷಗಟ್ಟಲೆ ಉಳಿಸಬಹುದಾಗಿದ್ದ ಹಲ್ಲುಗಳನ್ನೂ ಸಾಲಾಗಿ ಕೀಳಿಸಿಬಿಟ್ರು.

ವಸಡು ಊದೋಕೆ ಕಾರಣ ಏನು ಅಂತ ಗಟ್ಟಿಯಾಗಿ ತೋರಿಸಿದ್ದು 1965ರಲ್ಲಿ, ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ಹರಾಲ್ಡ್ ಲೋ ಅನ್ನೋ ದಂತವೈದ್ಯ ಮತ್ತೆ ಅವನ ಜೊತೆಯವ್ರು ಚೆನ್ನಾಗಿದ್ದ 12 ಜನಕ್ಕೆ ಹಲ್ಲುಜ್ಜೋದನ್ನ ನಿಲ್ಲಿಸಿ ಅಂದ್ರು, ಮೂರು ವಾರದೊಳಗೆ ಎಲ್ಲರ ವಸಡೂ ಊದ್ಕೊಂಡ್ತು, ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಸರಿಹೋಯ್ತು. ಅಷ್ಟೇ ನೋಡಿ, ಎಷ್ಟು ಸಿಂಪಲ್ ಪರೀಕ್ಷೆ!

ಊತ ಹಿಂದೆ ಹೋಗತ್ತೆ, ಹಲ್ಲನ್ನ ಹಿಡಿದಿರೋ ಮೂಳೆ ಕರಗಿದ್ರೆ ಮಾತ್ರ ಅಷ್ಟು ಸುಲಭಕ್ಕೆ ವಾಪಸ್ ಬರಲ್ಲ. ಕ್ಲೀನಿಂಗ್ ಆದ್ಮೇಲೆ ಹಲ್ಲು ಅಲ್ಲಾಡೋದೂ ಇದಕ್ಕೇನೇ. ಮೂಳೆ ಮೊದಲೇ ಹೋಗಿರತ್ತೆ, ಪಾಚಿ ಗಾರೆ ಥರ ಹಲ್ಲು ಹಲ್ಲಿಗೆ ಅಂಟ್ಕೊಂಡು ಹಿಡಿದಿರತ್ತೆ, ಅದನ್ನ ತೆಗೆದಾಗ ಒಳಗಿನ ಬಂಡವಾಳ ಗೊತ್ತಾಗತ್ತೆ. ನೋವೇ ಇಲ್ದೆ ಇಷ್ಟೆಲ್ಲಾ ಆಗೋದ್ರಿಂದ ಜನ ಲೇಟಾಗಿ ಬರ್ತಾರೆ. ಬೀಡಿ ಸಿಗರೇಟ್ ಸೇದೋರಿಗೆ ವಸಡಿಂದ ರಕ್ತನೂ ಕಮ್ಮಿ ಬರತ್ತೆ, ಹಾಗಾಗಿ ಏನೂ ಇಲ್ಲ ಅನ್ಕೊಂಡಿರ್ತಾರೆ.

ಅದಕ್ಕೇ ಕ್ಲಿನಿಕ್‌ನಲ್ಲಿ ಬದಲಾಗ್ಬೇಕಿರೋದು ಮಷೀನಿಗಿಂತ ಅಳತೆ ಅಂತ ನನ್ನ ಅನಿಸಿಕೆ. ಮಿಲಿಮೀಟರ್ ಗೆರೆ ಇರೋ ತೆಳು ಕಡ್ಡೀನ ಹಲ್ಲಿಗೂ ವಸಡಿಗೂ ಮಧ್ಯೆ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೆ ಆರು ಕಡೆ, "ಮೂರು, ಎರಡು, ಐದು" ಅಂತ ಡಾಕ್ಟ್ರು ಹೇಳ್ತಾ ಹೋಗೋದು, ಪಕ್ಕದಲ್ಲಿರೋ ಹುಡುಗಿ ಬರ್ಕೊಳೋದು. ಮೂರರವರೆಗೆ ಪರವಾಗಿಲ್ಲ, ಅದರ ಮೇಲಿದ್ದು ರಕ್ತನೂ ಬಂದ್ರೆ ವಸಡಿನ ಕೆಳಗೂ ಕ್ಲೀನ್ ಮಾಡ್ಬೇಕು. ಮೂರು ತಿಂಗಳಾದ್ಮೇಲೆ ಅದೇ ಜಾಗ ಮತ್ತೆ ಅಳೀತಾರೆ, ಆಗ್ಲೂ ಆರು ಏಳು ಇದ್ರೆ ವಸಡು ಬಿಡಿಸಿ ಆಪರೇಷನ್ ಮಾಡೋ ಮಾತು ಬರತ್ತೆ.

2018ರಲ್ಲಿ ಈ ಕಾಯಿಲೆಗೆ ಹೊಸ ವರ್ಗೀಕರಣ ಬಂದು 'ಕ್ರಾನಿಕ್', ಅಂದ್ರೆ ನಿಧಾನಕ್ಕೆ ಬೆಳೆಯೋದು, ಅನ್ನೋ ಬೇರೆ ಗುಂಪೇ ಹೋಯ್ತು, ಈಗ ಎಷ್ಟು ಹಾಳಾಗಿದೆ ಅನ್ನೋದಕ್ಕೆ ನಾಲ್ಕು ಸ್ಟೇಜು, ಎಷ್ಟು ಬೇಗ ಬೆಳೀತಿದೆ ಅನ್ನೋದಕ್ಕೆ ಮೂರು ಗ್ರೇಡು. ಗ್ರೇಡ್ ಹಾಕೋವಾಗ ಶುಗರ್ ಎಷ್ಟಿದೆ, ದಿನಕ್ಕೆ ಎಷ್ಟು ಸಿಗರೇಟು ಅಂತನೂ ನೋಡ್ತಾರೆ.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ಮಳೆಗಾಲ ಮುಗಿದ್ಮೇಲೆ ಮೊದಲ ಸಲ ಬಂದೋರಿಗೆ ಮತ್ತೆ ಅಳೆಯೋ ಮೂರನೇ ತಿಂಗಳು ಸರಿಯಾಗಿ ಕಾಫಿ ಕುಯ್ಲಿಗೆ ಬೀಳತ್ತೆ, ಆಗ ಯಾರೂ ಟೌನಿಗೆ ಇಳಿಯಲ್ಲ, ಡೇಟ್ ಕೊಡೋವಾಗ್ಲೇ ಇದನ್ನ ಕೇಳಿ ಬರ್ಕೊಂಡ್ರೆ ಅರ್ಧ ಜಗಳ ಕಮ್ಮಿ.